ಶುದ್ಧಿ ತಟ್ಟೆಯಲ್ಲಿದೆಯೇ?

ನಮ್ಮ ಬೆಳಗಾವಿ ಜಿಲ್ಲೆಯ ಯಾವ ಪೇಟೆಗೆ ಹೋದರೂ, ಅದು ಗೋಕಾಕವಿರಲಿ, ಮೂಡಲಗಿಯಿರಲಿ, ಹುಕ್ಕೇರಿಯಿರಲಿ, ಎರಡು ಬಗೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದರ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಇನ್ನೊಂದರ ಮೇಲೆ ‘ಮಾಂಸಾಹಾರಿ’ ಎಂದಷ್ಟೇ ಇರುತ್ತದೆ. ‘ಶುದ್ಧ ಮಾಂಸಾಹಾರಿ’ ಎಂದು ಬರೆಸಿದ ಖಾನಾವಳಿಯನ್ನು ಓದುಗರು ಎಲ್ಲಿಯಾದರೂ ಕಂಡಿದ್ದೀರಾ? ಆ ಒಂದು ವಿಶೇಷಣದ ಮೇಲೆ ಯಾರಿಗೆ ಹಕ್ಕಿದೆ, ಯಾರಿಗಿಲ್ಲ ಎಂಬುದು ನಮ್ಮ ಸಮಾಜದಲ್ಲಿ ಯಾರೂ ಕೇಳದೆಯೇ ತೀರ್ಮಾನವಾಗಿಹೋಗಿದೆ.

‘ಶುದ್ಧ ತುಪ್ಪ’ ಎಂದರೆ ಕಲಬೆರಕೆಯಿಲ್ಲದ ತುಪ್ಪ. ಹಾಗೆಯೇ ಮಾಂಸದ ಪಾತ್ರೆ, ಸೌಟು, ಎಣ್ಣೆ ಯಾವುದೂ ತಗುಲದ ಅಡುಗೆ ಎಂಬುದಷ್ಟೇ ಆ ಫಲಕದ ಅರ್ಥವಾಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮಾಂಸ ಮುಟ್ಟದವನಿಗೆ ಆ ಭರವಸೆ ಬೇಕು. ಅದನ್ನು ಕೊಡುವುದು ಖಾನಾವಳಿಯವನ ಪ್ರಾಮಾಣಿಕತೆ. ಆದರೆ ಈ ಪದವು ಫಲಕದಲ್ಲಿಯೇ ನಿಲ್ಲುವುದಿಲ್ಲ. ಅಡುಗೆಯಿಂದ ಇಳಿದು ಉಣ್ಣುವವನ ಮೇಲೆ ಏರುತ್ತದೆ. ಊಟ ಶುದ್ಧವೆಂಬ ಮಾತು ಉಂಡವನು ಶುದ್ಧನೆಂದಾಗುತ್ತದೆ. ಅಲ್ಲಿಂದ ಒಂದೇ ಹೆಜ್ಜೆ, ಬೇರೆಯದನ್ನು ಉಂಡವನು ಮೈಲಿಗೆಯವನೆಂದಾಗುತ್ತದೆ. ಬಾಡಿಗೆ ಮನೆ ಹುಡುಕುತ್ತಾ ಹೋದ ಶಿಕ್ಷಕಿಯನ್ನು ಅಥವಾ ದಾದಿಯನ್ನು ಮನೆಯ ಯಜಮಾನರು ಮೊದಲು ಕೇಳುವ ಪ್ರಶ್ನೆ ಯಾವುದು? ‘ನೀವು ಏನು ತಿನ್ನುತ್ತೀರಿ?’ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ ಎಂಬುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಜಾತಿಯನ್ನು ನೇರವಾಗಿ ಕೇಳಲು ನಾಚಿಕೆಯಾಗುವ ಕಾಲದಲ್ಲಿ ತಟ್ಟೆಯನ್ನು ಕೇಳಿದರೆ ಸಾಕಾಗುತ್ತದೆ.

ನನ್ನ ವಾದ ಸೊಪ್ಪಿನ ಮೇಲಿನದೂ ಅಲ್ಲ, ಮಾಂಸದ ಪರವಾದದ್ದೂ ಅಲ್ಲ. ಮಾಂಸವನ್ನು ತಿನ್ನುವುದಕ್ಕೂ ಬಿಡುವುದಕ್ಕೂ ಮನುಷ್ಯನಿಗೆ ನೂರು ಕಾರಣಗಳಿವೆ. ಅವುಗಳಲ್ಲಿ ಯಾವುದೂ ಒಬ್ಬನನ್ನು ಇನ್ನೊಬ್ಬನಿಗಿಂತ ಮೇಲಿರಿಸುವ ಕಾರಣವಲ್ಲ ಎಂಬುದೇ ಈ ಲೇಖನದ ಹೂರಣ.

ಕಾರಣಗಳು ಹಲವು

ಮೊದಲು ನಮ್ಮ ನೆರೆಹೊರೆಯನ್ನೇ ನೋಡೋಣ. ಬೆಳಗಾವಿ ಜಿಲ್ಲೆಯಲ್ಲಿ ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ನೇಗಿಲು ಹಿಡಿದ ರೈತರು. ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಚಿಕ್ಕೋಡಿ ಸೀಮೆಯ ಭೋಜದ ಬಳಿ. 2024ರಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಆಚಾರ್ಯ ವಿದ್ಯಾಸಾಗರರು ಹುಟ್ಟಿದ್ದು ಅದೇ ಸೀಮೆಯ ಸದಲಗಾದಲ್ಲಿ. ಅವರ ಪರಂಪರೆಯಲ್ಲಿ ಮಾಂಸ ಬಿಡುವುದು ಮೊದಲ ಮೆಟ್ಟಿಲು ಮಾತ್ರ. ಸೂರ್ಯ ಮುಳುಗಿದ ಮೇಲೆ ಉಣ್ಣದಿರುವುದು, ನೀರನ್ನು ಸೋಸಿ ಕುಡಿಯುವುದು, ಗಡ್ಡೆಗೆಣಸನ್ನೂ ತೊರೆಯುವುದು ಮುಂದಿನ ಮೆಟ್ಟಿಲುಗಳು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಆ ಕಾರಣದ ಮುಂದೆ ಯಾರೇ ಆಗಲಿ ತಲೆಬಾಗಬೇಕು.

ಲಿಂಗಾಯತ ಮನೆಗಳಲ್ಲಿ ಕಾರಣ ಬೇರೆ. ಹಬ್ಬಕ್ಕೆಂದು ತಂದ ಕುರಿಯ ಮೇಲೆ ಕನಿಕರಪಟ್ಟು ಬಸವಣ್ಣನವರು ವಚನ ರಚಿಸಿದರು. ದಯೆಯ ಆ ದನಿ ಎಂಟು ಶತಮಾನಗಳಿಂದ ಈ ನೆಲದಲ್ಲಿ ಕೇಳಿಸುತ್ತಿದೆ. ಆದರೆ ಅದೇ ಶರಣರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಒಪ್ಪಿಕೊಂಡಿದ್ದರು ಎಂಬುದನ್ನು ಮರೆಯಬಾರದು. ಪ್ರಾಣಿಯ ಮೇಲಿನ ದಯೆ ಮನುಷ್ಯನ ಮೇಲಿನ ತಾತ್ಸಾರಕ್ಕೆ ಅವರಲ್ಲಿ ನೆಪವಾಗಲಿಲ್ಲ.

ಉಳಿದ ಮನೆಗಳಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. ಸೋಮವಾರ ಬಸವಣ್ಣನ ವಾರ, ಶನಿವಾರ ಹನುಮಪ್ಪನ ವಾರ. ಅಂದು ಒಲೆಯ ಮೇಲೆ ಮಾಂಸವೇರದು. ಶ್ರಾವಣ ಬಂತೆಂದರೆ ತಿಂಗಳಿಡೀ ಬಿಡುವವರಿದ್ದಾರೆ. ಹಬ್ಬದ ದಿನ ಹೋಳಿಗೆ. ಮರುದಿನ ‘ಕರಿ’ ಎಂದರೆ ಖಂಡದ ಊಟ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತವರು ಕುರಿಯ ಅಡುಗೆ ಮಾಡಿ ನೆಂಟರಿಷ್ಟರನ್ನು ಕರೆಯುತ್ತಾರೆ. ದರ್ಗಾಗಳ ಕಂದೂರಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕೆಲವು ಮನೆಗಳಲ್ಲಿ ತಾಯಿ ಮಾಂಸ ಮುಟ್ಟುವುದಿಲ್ಲ, ತಂದೆ ಮಕ್ಕಳು ಉಣ್ಣುತ್ತಾರೆ. ಅದಕ್ಕೆಂದೇ ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಗಡಿಗೆ. ಒಂದೇ ಸೂರಿನ ಕೆಳಗೆ ಎರಡು ಒಲೆಗಳಿದ್ದರೂ ಆ ಸಂಸಾರ ಒಡೆದಿಲ್ಲ. ಆ ತಾಯಿಯು ತನ್ನ ಮಕ್ಕಳನ್ನು ಅಶುದ್ಧರೆಂದು ಕರೆದದ್ದನ್ನು ಯಾರೂ ಕೇಳಿಲ್ಲ.

ಉಣ್ಣುವವರ ಕಾರಣಗಳೂ ಹೀಗೆಯೇ ಹಲವು. ಕುರಿ ಮೇಯಿಸುತ್ತಾ ಊರೂರು ಅಲೆಯುವ ಕುರುಬರಿಗೆ ಹಿಂಡೇ ಹೊಲ, ಹಿಂಡೇ ಬ್ಯಾಂಕು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ಬಲೆ ಬೀಸುವವನಿಗೆ ಮೀನೇ ಬೆಳೆ. ದಿನವಿಡೀ ಕಬ್ಬು ಕಡಿದವನಿಗೆ ಮೈ ಬೇಡುವ ಬಲದ ಮಾತು. ಬಾಣಂತಿಗೆ ಅಜ್ಜಿಯ ಕಾಲದಿಂದ ಬಂದ ಪಥ್ಯದ ಮಾತು. ಇತ್ತೀಚೆಗೆ ಇನ್ನೂ ಹೊಸ ಕಾರಣಗಳು ಸೇರಿವೆ. ವೈದ್ಯರ ಮಾತಿಗೆ ಮಣಿದು ಮಾಂಸ ಬಿಟ್ಟವರಿದ್ದಾರೆ. ವೈದ್ಯರ ಮಾತಿಗೇ ಮಣಿದು ಮೊಟ್ಟೆ ತಿನ್ನಲು ಆರಂಭಿಸಿದವರೂ ಇದ್ದಾರೆ. ಜಾನುವಾರು ಸಾಕಣೆಯಿಂದ ಭೂಮಿಯ ತಾಪ ಏರುತ್ತದೆಂದು ಓದಿ ತೊರೆದ ಯುವಜನರಿದ್ದಾರೆ.

2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇಕಡಾ 21ರಷ್ಟು ಮಂದಿ ಸಸ್ಯಾಹಾರಿಗಳು. ಅಂದರೆ ಐದರಲ್ಲಿ ನಾಲ್ವರು ಒಂದಲ್ಲ ಒಂದು ದಿನ ಮಾಂಸ, ಮೀನು, ಮೊಟ್ಟೆ ಉಣ್ಣುವವರೇ. ಈ ನಾಲ್ವರನ್ನು ‘ಶುದ್ಧ’ದ ಹೊರಗಿಟ್ಟು ಕಟ್ಟಿದ ಸಂಸ್ಕೃತಿ ಯಾವ ನಾಡಿನ ಸಂಸ್ಕೃತಿ?

ಆದರೂ ಹೊರಗಿಡುವ ಕೆಲಸ ಎಷ್ಟು ಸಲೀಸಾಗಿ ನಡೆಯುತ್ತದೆ ನೋಡಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿನ ಮಳಿಗೆಗಳಿಗೆಂದು ಹೊರಡಿಸಿದ ಸೂಚನೆಯಲ್ಲಿ ಮದ್ಯ, ತಂಬಾಕು ಮತ್ತು ಮಾಂಸಾಹಾರವನ್ನು ಒಂದೇ ಸಾಲಿನಲ್ಲಿ ನಿಷೇಧಿಸಲಾಗಿತ್ತು. ಸಾವಿರಾರು ಜನರಿಗೆ ಅಡುಗೆ ಮಾಡುವಾಗ ಅನುಕೂಲಕ್ಕಾಗಿ ಸಸ್ಯಾಹಾರವನ್ನೇ ಬಡಿಸುತ್ತೇವೆಂದು ಹೇಳಿದ್ದರೆ ಯಾರೂ ಮುನಿಯುತ್ತಿರಲಿಲ್ಲ. ಆದರೆ ರೈತನ ಮನೆಯ ಕೋಳಿಸಾರು ಸಾರಾಯಿಯ ಪಕ್ಕದಲ್ಲಿ ಹೋಗಿ ಕುಳಿತದ್ದು ಹೇಗೆ? ಮದ್ಯವೂ ತಂಬಾಕೂ ಮನೆ ಮುರಿಯುವ ಚಟಗಳು. ಮಾಂಸ ಯಾರ ಮನೆಯನ್ನು ಮುರಿದಿದೆ? ಆ ಸಾಲನ್ನು ಬರೆದವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ದುರುದ್ದೇಶವಿಲ್ಲದೆಯೇ ಅಂತಹ ಸಾಲು ಬರೆಯಲು ಕೈ ಬಂದದ್ದೇ ಹೆಚ್ಚು ಆತಂಕದ ಸಂಗತಿ.

ಬಡವನ ವ್ರತ

ತ್ಯಾಗವನ್ನು ಮೆಚ್ಚುವ ಮುನ್ನ ಅದು ತ್ಯಾಗವೇ ಎಂದು ವಿಚಾರಿಸಬೇಕು. ನಮ್ಮ ಹಳ್ಳಿಗಳಲ್ಲಿ ವರ್ಷದ ಮುನ್ನೂರೈವತ್ತು ದಿನ ಮಾಂಸ ಮುಟ್ಟದ ಸಾವಿರಾರು ಕುಟುಂಬಗಳಿವೆ. ಅವರು ಜೈನರೂ ಅಲ್ಲ, ಲಿಂಗಾಯತರೂ ಅಲ್ಲ, ವ್ರತ ಹಿಡಿದವರೂ ಅಲ್ಲ, ಬಡವರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇವರ ನಿತ್ಯದ ಊಟ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಕಿಲೋ ಕುರಿ ಮಾಂಸಕ್ಕೆ ಎರಡು ದಿನದ ಕೂಲಿ ಸುರಿದರೂ ಸಾಲದು. ಗ್ರಾಮದೇವತೆಯ ಜಾತ್ರೆ, ಮನೆಯ ಮದುವೆ, ಹಬ್ಬದ ಕರಿ, ಹೀಗೆ ವರ್ಷಕ್ಕೆ ನಾಲ್ಕಾರು ದಿನ ಮಾತ್ರ ಆ ಮನೆಯಲ್ಲಿ ಮಸಾಲೆಯ ಘಮ ಏಳುತ್ತದೆ.

ಇಂಥವರ ತಟ್ಟೆಯ ಮುಂದೆ ನಿಂತು ‘ಸಾತ್ವಿಕ ಆಹಾರ’ದ ಮಹಿಮೆಯನ್ನು ಬೋಧಿಸುವುದು ಕ್ರೌರ್ಯ. ಬಿಡುವ ಶಕ್ತಿಯುಳ್ಳವನು ಬಿಟ್ಟಾಗ ಅದು ತ್ಯಾಗವಾಗುತ್ತದೆ. ಕೈಗೆಟುಕದವನು ಬಿಟ್ಟರೆ ಅದು ಹಸಿವು. ಎರಡಕ್ಕೂ ಒಂದೇ ಹೆಸರಿಡುವುದು ಹಸಿವಿಗೂ ಅವಮಾನ, ತ್ಯಾಗಕ್ಕೂ ಅವಮಾನ.

ಮಹಾತ್ಮ ಗಾಂಧಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು 1888ರಲ್ಲಿ ಲಂಡನ್ನಿಗೆ ಹೋದ ಯುವಕ, ಕೆಲಕಾಲ ಆ ಮಾತಿಗಾಗಿ ಮಾತ್ರವೇ ಸಸ್ಯಾಹಾರಿಯಾಗಿದ್ದ. ಅಲ್ಲಿ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಓದಿದ ಮೇಲೆಯೇ ತಾನು ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1937ರಲ್ಲಿ ನಮ್ಮದೇ ಜಿಲ್ಲೆಯ ಹುದಲಿಗೆ ಬಂದು ತಂಗಿದ್ದ ಆ ಮಹಾನುಭಾವನ ಬದುಕಿನ ಈ ಸಣ್ಣ ಸಂಗತಿ ದೊಡ್ಡ ಪಾಠವನ್ನು ಹೇಳುತ್ತದೆ. ಹುಟ್ಟಿನಿಂದ ಬಂದ ಅಭ್ಯಾಸವು ಅಭ್ಯಾಸವೇ ಹೊರತು ಗುಣವಲ್ಲ. ಮನಸ್ಸು ಒಪ್ಪಿ ಆಯ್ದುಕೊಂಡಾಗ ಅದು ಗುಣವಾಗುತ್ತದೆ. ಸಸ್ಯಾಹಾರದ ಮನೆಯಲ್ಲಿ ಹುಟ್ಟಿದ್ದಕ್ಕಾಗಿ ಬೀಗುವವನು ಎತ್ತರದ ದಿಬ್ಬದ ಮೇಲೆ ನಿಂತು ತನ್ನ ನಿಲುವಿನ ಬಗ್ಗೆ ಹೆಮ್ಮೆಪಟ್ಟಂತೆ.

ಆಯ್ಕೆಯಿಲ್ಲದ ಬಿಡುವಿಕೆಗೆ ಬೆಲೆಯಿಲ್ಲವೆಂದ ಮೇಲೆ ಭಯದಿಂದ ಬಿಡುವುದಕ್ಕೂ ಬೆಲೆಯಿಲ್ಲ. 1964ರ ಹಳೆಯ ಕಾನೂನಿನಲ್ಲಿ 12 ವರ್ಷ ಮೀರಿದ, ಕೆಲಸಕ್ಕೆ ಬಾರದ ಎತ್ತನ್ನು ಪ್ರಮಾಣಪತ್ರ ಪಡೆದು ವಧೆಗೆ ಮಾರಲು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಉಳಿದುದನ್ನೆಲ್ಲ ನಿಷೇಧಿಸಿತು. ತಪ್ಪಿದವರಿಗೆ 3ರಿಂದ 7 ವರ್ಷಗಳ ಸೆರೆವಾಸವನ್ನು ವಿಧಿಸಿತು. ಕಾನೂನನ್ನು ಪಾಲಿಸುವುದು ನಮ್ಮ ಕರ್ತವ್ಯ. ಅದನ್ನು ಪ್ರಶ್ನಿಸುವುದು ನಾಗರಿಕನ ಹಕ್ಕು. ಮುದಿ ಎತ್ತನ್ನು ಕಟ್ಟಿಕೊಂಡು ಮೂಡಲಗಿಯ ದನದ ಪೇಟೆಗೆ ಬಂದ ರೈತ ಅದನ್ನು ಯಾರಿಗೆ ಮಾರಬೇಕು? ಮಾರಲಾಗದಿದ್ದರೆ ಮೇವಿನ ಖರ್ಚನ್ನು ಯಾರು ಕೊಡಬೇಕು? ಗೋವನ್ನು ತಾಯಿಯೆಂದು ಭಾವಿಸುವವರ ಭಾವನೆಗೆ ನನ್ನ ಗೌರವವಿದೆ. ಆದರೆ ಆ ಭಾವನೆಯ ಖರ್ಚನ್ನು ಬಡ ರೈತನ ಹೆಗಲ ಮೇಲೆ ಹೊರಿಸಿ, ಪುಣ್ಯವನ್ನು ತಾವು ಬರೆದುಕೊಳ್ಳುವುದು ಯಾವ ನ್ಯಾಯ?

ಮಕ್ಕಳ ತಟ್ಟೆಯ ಮೊಟ್ಟೆ

ಈ ಜಗಳದ ಅತಿ ದುಬಾರಿ ಬೆಲೆಯನ್ನು ತೆತ್ತವರು ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಶೇಕಡಾ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. 2021ರ ಡಿಸೆಂಬರಿನಲ್ಲಿ ಸರ್ಕಾರವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೂಡಲೇ ಕೆಲವು ಮಠಾಧೀಶರು ಬೀದಿಗಿಳಿದರು. ಶಾಲೆಗಳು ಸೈನಿಕರ ಹೋಟೆಲುಗಳಾಗುತ್ತವೆ ಎಂಬ ಆಕ್ಷೇಪ, ಸಮಾನತೆಗೆ ಭಂಗವಾಗುತ್ತದೆ ಎಂಬ ಆಕ್ಷೇಪ. ಉತ್ತರ ಕೊಟ್ಟವರು ಮಕ್ಕಳೇ. ನಮಗೆ ಮೊಟ್ಟೆ ಬೇಕು, ಬೇಡವೆನ್ನಲು ನೀವು ಯಾರು ಎಂದು ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು ಧೈರ್ಯವಾಗಿ ಕೇಳಿದ್ದನ್ನು ಇಡೀ ನಾಡು ಕಂಡಿತು.

ಸಮಾನತೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಬ್ಬ ಮಗು ಮೊಟ್ಟೆ ತಿನ್ನುವಾಗ ಪಕ್ಕದ ಮಗು ಬಾಳೆಹಣ್ಣು ತಿಂದರೆ ಅವರ ನಡುವೆ ಗೋಡೆ ಏಳುತ್ತದೆಯೇ? ಏಳುತ್ತದೆ, ನಾವು ದೊಡ್ಡವರು ಇಟ್ಟಿಗೆ ಸಾಗಿಸಿಕೊಟ್ಟರೆ. ಬೇರೆ ಸಾಲಿನಲ್ಲಿ ಕೂರಿಸಿದರೆ, ‘ಅವನನ್ನು ಮುಟ್ಟಬೇಡ’ ಎಂದು ಮನೆಯಲ್ಲಿ ಕಲಿಸಿದರೆ ಏಳುತ್ತದೆ. ಒಂದೇ ಸಾಲಿನಲ್ಲಿ ಕೂರಿಸಿದರೆ, ಬೇರೆ ಬೇರೆ ತಟ್ಟೆಗಳ ಒಂದೇ ಪಂಕ್ತಿ ಹೇಗಿರುತ್ತದೆಂಬುದನ್ನು ಆರನೆಯ ವಯಸ್ಸಿನಲ್ಲಿಯೇ ಕಲಿಯುವ ಭಾಗ್ಯ ಆ ಮಕ್ಕಳದಾಗುತ್ತದೆ.

ಯೋಜನೆ ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸುಮಾರು 1,500 ಕೋಟಿ ರೂಪಾಯಿಗಳ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಒಪ್ಪಂದವಾಯಿತು. ಆದರೂ 2025ರ ಜುಲೈನಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ, ಶಾಲೆಯ ಪಕ್ಕದಲ್ಲಿ ವೀರಭದ್ರೇಶ್ವರನ ಗುಡಿಯಿದೆ ಎಂಬ ಕಾರಣಕ್ಕೆ ಮೊಟ್ಟೆ ಬೇಯಿಸಬಾರದೆಂದು ಹಲವು ಪೋಷಕರು ಹಟ ಹಿಡಿದರು. ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಪಡೆದರು. ತನ್ನ ಮಗುವಿಗೆ ಮೊಟ್ಟೆ ಬೇಡವೆನ್ನುವ ಹಕ್ಕು ಪ್ರತಿಯೊಬ್ಬ ತಂದೆತಾಯಿಗೂ ಇದೆ. ಪಕ್ಕದ ಮನೆಯ ಮಗುವಿಗೂ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ ಪ್ರೋಟೀನು. ಮನೆಯಲ್ಲಿ ದಿನವೂ ಹಾಲು, ಬೇಳೆ, ತುಪ್ಪ ಕಾಣುವ ಮಗುವಿಗೆ ಅದು ದೊಡ್ಡದಲ್ಲ. ರೊಟ್ಟಿ, ಖಾರದಲ್ಲಿ ದಿನ ನೂಕುವ ಮಗುವಿಗೆ ಅದು ಎಲುಬಿನ ಮಾತು, ರಕ್ತದ ಮಾತು.

ಯೊಪ್ಪದ ಮಾಳಿಗೆಯ ಮೇಲೆ

ಕ್ರೈಸ್ತರಾದ ನಾವು ಈ ವಿಷಯದಲ್ಲಿ ಏನು ಹೇಳಬೇಕು? ಪವಿತ್ರ ಬೈಬಲ್ಲಿನ ಮೊದಲ ಪುಟದಲ್ಲಿ ದೇವರು ಮಾನವನಿಗೆ ಆಹಾರವಾಗಿ ಕೊಟ್ಟದ್ದು ಕಾಳು ಮತ್ತು ಹಣ್ಣುಗಳನ್ನು. ಜಲಪ್ರಳಯದ ನಂತರವೇ ನೋವನಿಗೆ ಮಾಂಸದ ಅನುಮತಿ ದೊರೆಯಿತು. ದಾನಿಯೇಲನು ಬಾಬಿಲೋನಿನ ಅರಮನೆಯಲ್ಲಿ ಕಾಯಿಪಲ್ಯ ಉಂಡು ನೀರು ಕುಡಿದು ಆರೋಗ್ಯವಂತನಾಗಿದ್ದ. ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡನ್ನು ತಿಂದರು. ಹಾಗಾಗಿ ಧರ್ಮಗ್ರಂಥವನ್ನು ಒಂದು ಬದಿಯ ವಕೀಲನನ್ನಾಗಿ ಮಾಡಿಕೊಳ್ಳಲು ಹೊರಟವರಿಗೆ ನಿರಾಶೆಯೇ ಗತಿ.

ಆದರೆ ಒಂದು ಮಾತನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಹೊರಗಿನಿಂದ ಒಳಹೋಗುವುದು ಮನುಷ್ಯನನ್ನು ಕೆಡಿಸದು, ಅವನ ಹೃದಯದಿಂದ ಹೊರಡುವುದೇ ಕೆಡಿಸುವುದು ಎಂದು ಪ್ರಭುಯೇಸು ಬೋಧಿಸಿದ್ದನ್ನು ಸಂತ ಮಾರ್ಕನು ದಾಖಲಿಸಿದ್ದಾನೆ. ಆ ಬೋಧನೆ ಸಂತ ಪೇತ್ರನ ಎದೆಗಿಳಿಯಲು ವರ್ಷಗಳೇ ಬೇಕಾದವು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಹತ್ತನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಯೊಪ್ಪ ಪಟ್ಟಣದ ಮನೆಯೊಂದರ ಮಾಳಿಗೆಯ ಮೇಲೆ ಮಧ್ಯಾಹ್ನ ಪ್ರಾರ್ಥಿಸುತ್ತಿದ್ದ ಪೇತ್ರನಿಗೆ ಹಸಿವಾಗಿತ್ತು. ಆಕಾಶದಿಂದ ಇಳಿದ ದುಪ್ಪಟಿಯಲ್ಲಿ ಎಲ್ಲ ಬಗೆಯ ಪ್ರಾಣಿಗಳಿದ್ದವು. ಕೊಯ್ದು ತಿನ್ನು ಎಂಬ ವಾಣಿ ಕೇಳಿತು. ಅಶುದ್ಧವಾದುದನ್ನು ಎಂದೂ ಮುಟ್ಟಿಲ್ಲವೆಂದು ಅವನು ಹಿಂಜರಿದ. ಮೂರು ಸಲ ಹೀಗಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕರೆ: ಅನ್ಯಜನಾಂಗದ ಸೈನ್ಯಾಧಿಕಾರಿ ಕೊರ್ನೇಲಿಯನ ಆಳುಗಳು ಬಂದಿದ್ದರು.

ಪೇತ್ರನು ಆ ದರ್ಶನದಿಂದ ಕಲಿತದ್ದೇನು? ಏನೇನು ತಿನ್ನಬಹುದೆಂಬ ಪಟ್ಟಿಯನ್ನಲ್ಲ. ಯಾವ ಮನುಷ್ಯನನ್ನೂ ಅಶುದ್ಧನೆಂದು ಕರೆಯಬಾರದೆಂದು ದೇವರು ತನಗೆ ತೋರಿಸಿಕೊಟ್ಟರೆಂದು ಅವನು ಕೊರ್ನೇಲಿಯನ ಮನೆಯಲ್ಲಿ ನಿಂತು ಹೇಳಿದ. ದರ್ಶನ ಆರಂಭವಾದದ್ದು ಊಟದಿಂದ. ಮುಗಿದದ್ದು ಒಂದು ಮನೆಯ ಹೊಸ್ತಿಲು ದಾಟುವುದರಲ್ಲಿ. ತಟ್ಟೆಯ ಶುದ್ಧಿಯ ಜಗಳ ನಿಜವಾಗಿ ಯಾರು ಯಾರ ಮನೆಯೊಳಗೆ ಬರಬಹುದೆಂಬ ಜಗಳವೆಂದು ಆ ಬೆಸ್ತನಿಗೆ ಅಂದೇ ಅರಿವಾಗಿತ್ತು. ಆದರೂ ಮುಂದೆ ಅಂತಿಯೋಕ್ಯದಲ್ಲಿ, ಯೆರೂಸಲೇಮಿನವರು ಬಂದರೆಂಬ ಅಂಜಿಕೆಗೆ, ಅನ್ಯಜನರ ಪಂಕ್ತಿಯಿಂದ ಅವನು ಮೆಲ್ಲನೆ ಎದ್ದುಹೋದ. ಸಂತ ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಿದ. ಪಂಕ್ತಿಭೇದದ ಮೋಹ ಎಷ್ಟು ಗಟ್ಟಿಯಾದುದೆಂದರೆ ದರ್ಶನ ಕಂಡವನನ್ನೂ ಅದು ಬಿಡಲಿಲ್ಲ.

ಅದೇ ಪೌಲನು ರೋಮನರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಎರಡೂ ಕಡೆಯವರ ಕಿವಿ ಹಿಂಡುತ್ತಾನೆ. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು. ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು. ಈ ಎರಡು ತಪ್ಪುಗಳು ಬೇರೆ ಬೇರೆ ಎಂಬುದನ್ನು ಗಮನಿಸಿ. ತಿನ್ನುವವನಿಗೆ ತಿರಸ್ಕಾರದ ಚಪಲ. ತಿನ್ನದವನಿಗೆ ತೀರ್ಪಿನ ಚಪಲ.

ನಮ್ಮವರಿಗೂ ಒಂದು ಮಾತು

ಇದುವರೆಗೆ ತೀರ್ಪಿನವರ ಬಗ್ಗೆ ಬರೆದುದನ್ನು ಓದಿ ತಲೆದೂಗಿದ ನಮ್ಮ ಜನ ಇನ್ನು ಸ್ವಲ್ಪ ಸಹನೆ ತಂದುಕೊಳ್ಳಬೇಕು. ತಿರಸ್ಕಾರ ನಮ್ಮ ಪಾಲಿನ ಪಾಪ. ‘ಹುಲ್ಲು ತಿನ್ನುವವರು’ ಎಂಬ ನಗೆಮಾತು ನಮ್ಮ ಔತಣಗಳಲ್ಲಿ ಎಷ್ಟು ಬಾರಿ ಕೇಳಿಬರುತ್ತದೆ! ಮದುವೆಗೆ ಕರೆದ ಲಿಂಗಾಯತ ಅಥವಾ ಜೈನ ನೆರೆಯವನಿಗೆ ಮೂಲೆಯಲ್ಲೊಂದು ಮೇಜು, ತಣ್ಣಗಾದ ಅನ್ನ, ನೀರುಸಾರು. ಬಿರಿಯಾನಿಯ ಸೌಟನ್ನೇ ಸಾರಿಗೆ ಅದ್ದಿ, ಅವರಿಗೇನು ಗೊತ್ತಾಗುತ್ತದೆ ಎಂದು ನಕ್ಕರೆ ಅದು ವಂಚನೆ. ಮಾಂಸ ಆಹಾರವಿರಬಹುದು, ವಿಶ್ವಾಸದ ಲಾಂಛನವಲ್ಲ. ಕ್ರೈಸ್ತನಾದವನು ಎಲ್ಲವನ್ನೂ ತಿನ್ನಲೇಬೇಕೆಂಬ ಭ್ರಮೆ ಹೊರಗಿನವರಲ್ಲಿದೆ; ದುರದೃಷ್ಟವಶಾತ್ ನಮ್ಮ ಕೆಲವರಲ್ಲಿಯೂ ಇದೆ.

ನಮ್ಮ ಧರ್ಮಸಭೆಯ ಇತಿಹಾಸ ಬೇರೆಯದನ್ನು ಹೇಳುತ್ತದೆ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟ್ ದಿ ನೊಬಿಲಿ ಮಾಂಸವನ್ನು ತೊರೆದು ಕಾವಿಯುಟ್ಟು ಸನ್ಯಾಸಿಯಂತೆ ಬದುಕಿದರು. ನಮ್ಮ ಜಿಲ್ಲೆಯ ದೇಶನೂರಿನಲ್ಲಿಯೂ ಯೇಸುಸಭೆಯ ಗುರುಗಳು ವಿರಕ್ತ ಮಠದ ಮಾದರಿಯಲ್ಲಿ ಆಶ್ರಮ ಕಟ್ಟಿ ಅದೇ ಹಾದಿ ಹಿಡಿದರು. ನೆರೆಯವನ ಮನೆಯ ಬಾಗಿಲು ತೆರೆಯಲೆಂದು ತಮ್ಮ ಬಾಯಿಯ ರುಚಿಯನ್ನು ಬಿಟ್ಟವರು ಅವರು. ಆದರೆ ನೊಬಿಲಿಯವರ ಕಥೆಗೆ ಇನ್ನೊಂದು ಮುಖವೂ ಇದೆ. ಮೇಲ್ಜಾತಿಯವರ ಬಾಗಿಲು ತೆರೆದುಕೊಂಡಾಗ ಕೆಳಜಾತಿಯವರೊಡನೆ ಬಹಿರಂಗವಾಗಿ ಬೆರೆಯುವುದು ಅವರಿಗೆ ಕಷ್ಟವಾಯಿತು. ಮುಂದೆ ಆ ಜನರ ಸೇವೆಗೆಂದು ‘ಪಂಡಾರಸ್ವಾಮಿ’ಗಳೆಂಬ ಬೇರೆ ಗುರುಗಳನ್ನು ನೇಮಿಸಬೇಕಾಯಿತು. ಒಳ್ಳೆಯ ಮನಸ್ಸಿನಿಂದ ಬಿಟ್ಟ ಮಾಂಸ ಕೂಡ ಸಾಲುಗಳನ್ನು ಬೇರ್ಪಡಿಸುವ ಗೆರೆಯಾಗಬಲ್ಲದೆಂಬ ಎಚ್ಚರ ನಮಗಿರಬೇಕು.

ಇನ್ನು ನಮ್ಮ ಶುಕ್ರವಾರಗಳ ಕಥೆ. 1966ರಲ್ಲಿ ಜಗದ್ಗುರು ಆರನೇ ಪೌಲರು ಉಪವಾಸದ ಹಳೆಯ ನಿಯಮಗಳನ್ನು ಸಡಿಲಿಸಿದರು. ಭಾರವನ್ನು ನಿಯಮದಿಂದ ಇಳಿಸಿ ಮನಸ್ಸಾಕ್ಷಿಯ ಮೇಲೆ ಹೊರಿಸುವುದು ಅವರ ಉದ್ದೇಶವಾಗಿತ್ತು. ಇಂದಿಗೂ 14 ವರ್ಷ ತುಂಬಿದವರಿಗೆ ಮಾಂಸವರ್ಜನೆಯ ಕಟ್ಟಳೆಯಿದೆ. ನಾವು ಮಾಡುತ್ತಿರುವುದೇನು? ತಪಸ್ಸುಕಾಲದ ಶುಕ್ರವಾರ ಕುರಿಯನ್ನು ಬಿಟ್ಟು, ಗೋವೆಯಿಂದ ಬಂದ ಸುರ್ಮಯಿಯನ್ನು ಎರಡು ಪಟ್ಟು ಬೆಲೆ ಕೊಟ್ಟು ಕೊಂಡು ಹುರಿದು ತಿನ್ನುತ್ತೇವೆ. ನಿಯಮ ಉಳಿಯಿತು, ತಪಸ್ಸು ಬಾಣಲೆಯಲ್ಲಿ ಕರಗಿಹೋಯಿತು. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ತನಗೆ ಮೆಚ್ಚುಗೆಯಾದ ಉಪವಾಸವೆಂದು ದೇವರು ಪ್ರವಾದಿ ಯೆಶಾಯನ ಬಾಯಿಂದ ಹೇಳಿಸಿದ್ದು ಇಂಥವರಿಗಾಗಿಯೇ. ಉಳಿಸಿದ ಹಣ ಬಡವನ ಮನೆಗೆ ತಲುಪದಿದ್ದರೆ ಮಾಂಸವರ್ಜನೆ ಕೇವಲ ಅಡುಗೆಯ ಬದಲಾವಣೆ.

ಒಂದೇ ಪಂಕ್ತಿ

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮನೆ, ಅಂಗಡಿ, ಒಲೆ ಎಲ್ಲವೂ ನೀರಿನಡಿಯಲ್ಲಿದ್ದವು. ಶಾಲೆ, ಕಲ್ಯಾಣಮಂಟಪಗಳು ಪರಿಹಾರ ಕೇಂದ್ರಗಳಾದವು. ಅಲ್ಲಿ ತಟ್ಟೆ ಹಿಡಿದು ನಿಂತವನನ್ನು ನೀನು ನಿನ್ನೆ ಏನು ತಿಂದಿದ್ದೆ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಬಿಸಿ ಅನ್ನ ಇತ್ತು, ಹಸಿವು ಇತ್ತು. ನಮ್ಮ ಸೀಮೆಯ ಮಠಗಳ ದಾಸೋಹದಲ್ಲಿಯೂ ಬಂದವರ ತಟ್ಟೆಗೆ ಅನ್ನ ಮೊದಲು, ಪ್ರಶ್ನೆ ಆಮೇಲೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಸಾವಳಗಿಯ ಶಿವಲಿಂಗೇಶ್ವರರ ಮಠವಿರುವುದು ಇದೇ ಗೋಕಾಕ ತಾಲ್ಲೂಕಿನಲ್ಲಿ. ಸಸ್ಯಾಹಾರದ ನಿಜವಾದ ಘನತೆ ಕಾಣಬೇಕಾದರೆ ಅಂತಹ ಪಂಕ್ತಿಯಲ್ಲಿ ಕಾಣಬೇಕು. ಬಾಡಿಗೆ ಮನೆಯ ಬಾಗಿಲಲ್ಲಿ ತಗುಲಿಹಾಕಿದ ಷರತ್ತಿನಲ್ಲಲ್ಲ.

ಪ್ರಿಯ ಓದುಗರೇ, ದೊಡ್ಡ ಕ್ರಾಂತಿಯನ್ನು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಮನೆ ಬಾಡಿಗೆಗೆ ಕೊಡುವವರು ತಟ್ಟೆಯ ಪ್ರಶ್ನೆಯನ್ನು ಕೇಳದಿರಲಿ. ನಮ್ಮ ಶಾಲೆಗಳಲ್ಲಿ ಮಗುವಿನ ಬುತ್ತಿಯನ್ನು ಬಿಚ್ಚಿ ಮೂಗು ಮುರಿಯುವ ಅಧಿಕಾರ ಯಾವ ಶಿಕ್ಷಕರಿಗೂ ಇಲ್ಲದಿರಲಿ. ಮೊಟ್ಟೆಯವರೂ ಬಾಳೆಹಣ್ಣಿನವರೂ ಒಂದೇ ಸಾಲಿನಲ್ಲಿ ಕೂರಲಿ. ಧರ್ಮಕೇಂದ್ರದ ಹಬ್ಬಕ್ಕೆ ನೆರೆಯವರನ್ನು ಕರೆದಾಗ ಅವರಿಗಾಗಿ ಬೇರೆ ಪಾತ್ರೆಯಲ್ಲಿ ಪ್ರಾಮಾಣಿಕವಾಗಿ ಮಾಡಿದ ಅಡುಗೆಯಿರಲಿ. ಅದನ್ನು ಮೊದಲು ಬಡಿಸೋಣ, ಪಕ್ಕದಲ್ಲಿ ಕುಳಿತು ಬಡಿಸೋಣ. ತಪಸ್ಸುಕಾಲದ ಶುಕ್ರವಾರ ಬಿಟ್ಟ ಮಾಂಸದ ಬೆಲೆ, ವರ್ಷಕ್ಕೆ ನಾಲ್ಕೇ ದಿನ ಮಾಂಸ ಕಾಣುವ ಮನೆಗೆ ತಲುಪಲಿ. ‘ಶುದ್ಧ’ ಎಂಬ ಪದವನ್ನು ತುಪ್ಪಕ್ಕೂ ಚಿನ್ನಕ್ಕೂ ಮೀಸಲಿಟ್ಟು ಮನುಷ್ಯರ ಮೇಲಿನಿಂದ ತೆಗೆದುಬಿಡೋಣ.

ಫರಿಸಾಯರು ಪ್ರಭುಯೇಸುವಿನ ಮೇಲೆ ಹೊರಿಸಿದ ದೊಡ್ಡ ಆರೋಪ ಅವರು ಏನನ್ನು ತಿನ್ನುತ್ತಾರೆ ಎಂಬುದಾಗಿರಲಿಲ್ಲ. ಸುಂಕದವರೊಡನೆ, ಪಾಪಿಗಳೊಡನೆ, ಯಾರ ಪಕ್ಕದಲ್ಲಿ ಕುಳಿತು ತಿನ್ನುತ್ತಾರೆ ಎಂಬುದಾಗಿತ್ತು. ಅದೇ ಆರೋಪ ನಮ್ಮ ಮೇಲೂ ಬರುವಂತೆ ಬದುಕೋಣ.